ಟೇಪು ನಮ್ಮದು, ಕೀಲಿಕೈ ಯಾರದೋ

ನಮ್ಮ ಬ್ಯಾಚಿನ ಗೆಳೆಯನೊಬ್ಬ ಆರು ವರ್ಷ ಊರೂರು ತಿರುಗಿ ಸೋಬಾನೆ ಪದ ಹೇಳುವ ಅಜ್ಜಿಯರನ್ನು ರೆಕಾರ್ಡ್ ಮಾಡಿದ್ದ. 'ಎಲ್ಲಾ ಕ್ಲೌಡಲ್ಲಿದೆ ಬಿಡೋ' ಅನ್ನುತ್ತಿದ್ದ. ಕಳೆದ ಮಳೆಗಾಲದಲ್ಲಿ ಖಾತೆ ಲಾಕ್ ಆಯಿತು. ಓಟಿಪಿ ಹೋಗುವುದು ಅವನು ಎಂದೋ ಬಿಟ್ಟ ನಂಬರಿಗೆ. ಯಾರನ್ನು ಕೇಳುವುದು? ತಾಲೂಕು ಕಚೇರಿಯಲ್ಲಾದರೆ ಬೈಯುವುದಕ್ಕಾದರೂ ಒಬ್ಬ ಗುಮಾಸ್ತ ಸಿಗುತ್ತಾನೆ. ಇಲ್ಲಿ ಅದೂ ಇಲ್ಲ. ಆ ಅಜ್ಜಿಯರಲ್ಲಿ ಇಬ್ಬರು ಈಗಿಲ್ಲ.

ಗೋಮಾಳ ಯಾರ ಹೆಸರಿಗಾಯಿತು, ಕೆರೆ ಯಾರ ಪಾಲಾಯಿತು ಎಂದು ಬರೆಯುವವರು ನಾವು. ನಮ್ಮ ಸ್ವಂತ ಕಡತ ಯಾರ ಮನೆಯಲ್ಲಿದೆ ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ. ಆರ್ಕುಟ್‌ನಲ್ಲಿ ಕನ್ನಡದ ಚರ್ಚೆಗಳು ಎಷ್ಟು ನಡೆದಿದ್ದವು, ಹಳಬರಿಗೆ ನೆನಪಿರಬಹುದು. 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಗೂಗಲ್ ಫೋಟೋಸ್ 'ಎಷ್ಟು ಬೇಕಾದರೂ ಉಚಿತ' ಎಂದಿತ್ತು. 2021ರ ಜೂನ್ 1ರಿಂದ ಆ ಮಾತೂ ನಿಂತಿತು. ಅವರದು ವ್ಯಾಪಾರ, ಅವರ ತಪ್ಪೇನಿಲ್ಲ. ಬಾಡಿಗೆ ಮನೆಯನ್ನು ಸ್ವಂತದ್ದು ಎಂದುಕೊಂಡದ್ದು ನಮ್ಮ ತಪ್ಪು.

ನನ್ನ ಮನೆಯಲ್ಲಿ ದೇವರ ಕೋಣೆಯ ಮೇಲಿನ ಅಟ್ಟದಲ್ಲಿ ಒಂದು ರಾಸ್‌ಬೆರಿ ಪೈ ಇದೆ. ಸೋಪಿನ ಡಬ್ಬಿಯಷ್ಟು ದೊಡ್ಡದು. ಫ್ಯಾನಿಲ್ಲ, ಸದ್ದಿಲ್ಲ, ಅದು ಅಲ್ಲಿದೆ ಎಂಬುದನ್ನು ಅಮ್ಮ ಮರೆತೇ ಬಿಟ್ಟಿದ್ದಾರೆ. ಹಗಲು ರಾತ್ರಿ ಉರಿದರೆ ಕರೆಂಟ್ ಬಿಲ್ಲು ಏನಾಗಬೇಡ ಎನ್ನುವವರಿಗೆ ಲೆಕ್ಕ ಹೇಳುತ್ತೇನೆ. ಡಿಸ್ಕ್ ಸೇರಿ 8 ವ್ಯಾಟ್ ಹಿಡಿಯಿರಿ, ತಿಂಗಳಿಗೆ 6 ಯೂನಿಟ್ಟೂ ಆಗುವುದಿಲ್ಲ. ಹಿತ್ತಲಿನಲ್ಲಿ ನಾವು ಆರಿಸಲು ಮರೆಯುವ 9 ವ್ಯಾಟಿನ ಎಲ್‌ಇಡಿ ಬಲ್ಬು ಇದಕ್ಕಿಂತ ಜಾಸ್ತಿ ತಿನ್ನುತ್ತದೆ. ಮೂಲೆಯಲ್ಲಿರುವ ಹಳೇ ಡೆಸ್ಕ್‌ಟಾಪ್‌ಗೆ ಇದೇ ಕೆಲಸ ಕೊಟ್ಟರೆ ಬಿಲ್ಲೂ ಏರುತ್ತದೆ, ಗುಂಯ್ ಎನ್ನುವ ಸದ್ದಿಗೆ ನಿದ್ದೆಯೂ ಹೋಗುತ್ತದೆ. ಪೈಯಲ್ಲಿ ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶವಿದೆ. ಊರಿಂದ ಬಂದು ಫೋನು ವೈಫೈಗೆ ಸೇರಿದರೆ ಸಾಕು, ಅವತ್ತಿನ ಆಡಿಯೋ ತಾನಾಗಿ ಅಟ್ಟ ಸೇರುತ್ತದೆ.

ತಕರಾರುಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಕರೆಂಟು ಹೋಗಿ ಬಂದು, ಹೋಗಿ ಬಂದು, ಮೊದಲ ಮೆಮೊರಿ ಕಾರ್ಡು ನಾಲ್ಕೇ ತಿಂಗಳಿಗೆ ಸತ್ತಿತು. ಈಗ ಎಸ್‌ಎಸ್‌ಡಿ ಹಾಕಿ, ರೌಟರಿಗಿರುವ ಚಿಕ್ಕ ಯುಪಿಎಸ್ಸನ್ನೇ ಇದಕ್ಕೂ ಕೊಡುವ ಹಾಗೆ ಮಾಡಿಸಿದ್ದೇನೆ. ಮಲೆನಾಡಿನಲ್ಲಿ ಗುಡುಗು ಶುರುವಾದರೆ ಎಲ್ಲ ವೈರೂ ಕಿತ್ತಿಡಬೇಕು. ಹಾಗಾಗಿ 'ಸದಾ ಚಾಲೂ' ಎಂದರೆ ಇಲ್ಲಿ ಸಿಡಿಲಿಲ್ಲದಾಗ ಚಾಲೂ! ಅಷ್ಟರಿಂದ ಏನೂ ಮುಳುಗಿಲ್ಲ. ಮತ್ತೆ ಸಿಕ್ಕಿಸಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ನಮ್ಮ ಫೈಬರ್ ಸಂಪರ್ಕದಲ್ಲಿ ಹಲವು ಮನೆಗಳಿಗೆ ಒಂದೇ ಹೊರ ವಿಳಾಸ, ಆದ್ದರಿಂದ ಹೊರಗಿನಿಂದ ನೇರ ಒಳಬರಲಾಗದು. ಟೇಲ್‌ಸ್ಕೇಲ್ ಹಾಕಿಕೊಂಡೆ, ಬಸ್ಸಿನಲ್ಲಿ ಕೂತೂ ಕಡತ ತೆಗೆಯುತ್ತೇನೆ. ಇನ್ನೊಂದು ಪ್ರತಿ ಶಿವಮೊಗ್ಗದ ಚಿಕ್ಕಮ್ಮನ ಮನೆಯ ಬೀರುವಿನಲ್ಲಿದೆ, ಎರಡು ತಿಂಗಳಿಗೊಮ್ಮೆ ಬದಲಿಸುತ್ತೇನೆ. ಚಿಕ್ಕಮ್ಮನಿಗೆ ಅದೇನೆಂದು ಗೊತ್ತಿಲ್ಲ, ಪತ್ರದ ಜೊತೆ ಇಟ್ಟಿದ್ದಾರೆ.

'ನಮಗೆ ಟೆಕ್ನಿಕಲ್ ಬರಲ್ಲ' ಎಂಬ ನೆಪವನ್ನು ಮಾತ್ರ ನಾನು ಒಪ್ಪುವುದಿಲ್ಲ. ಆರ್‌ಟಿಐ ಅರ್ಜಿ ಬರೆಯಲು, ಪಹಣಿ ಓದಲು ನಮಗೆ ಹುಟ್ಟುತ್ತಲೇ ಬರುತ್ತಿತ್ತೇ? ಇದಕ್ಕೆ ಒಂದು ಭಾನುವಾರ ಸಾಕು. ಗೆಳೆಯ ಮುಂದಿನ ವಾರ ಬರುತ್ತೇನೆಂದಿದ್ದಾನೆ, ಉಳಿದ ನಾಲ್ಕು ಅಜ್ಜಿಯರ ಮನೆಗೆ ಮತ್ತೆ ಹೋಗುವ ಮೊದಲು.