ಬಾರ್ಸಿಲೋನಾ ಊರಿನ ಹಿತ್ತಿಲು

ಸ್ಪೇನ್ ದೇಶದ ಬಾರ್ಸಿಲೋನಾವನ್ನು ಹೆಲಿಕಾಪ್ಟರಿನಲ್ಲಿ ಕೂರಿಸಿ ಮೇಲಿಂದಲೇ ತೋರಿಸುತ್ತಾರಂತೆ, ಕೇಳಿದ್ದೀರಾ? ಕಡಲು, ಬಂದರು, ಮೊಂಜುಯಿಕ್ ಗುಡ್ಡ, 1882ರಲ್ಲಿ ಕಟ್ಟಲು ತೊಡಗಿದ ಸಗ್ರಾದಾ ಫಮೀಲಿಯಾ ಚರ್ಚಿನ ಗೋಪುರಗಳು, ಎಲ್ಲರೂ ಬೆರಳು ತೋರಿಸುವುದು ಇವಕ್ಕೇ. ನೀವು ಮಾತ್ರ ಮೇಲಿಂದ ತೆಗೆದ ಚಿತ್ರ ಸಿಕ್ಕಾಗ ಸುತ್ತಲಿನ ಮನೆಗಳನ್ನು ನೋಡಿ. ಗೋಪುರ ಎಲ್ಲಿಗೂ ಓಡಿಹೋಗೋದಿಲ್ಲ!

ಚೌಕಾಬಾರದ ಮಣೆಯ ಹಾಗೆ ಸಾಲುಸಾಲು ಚೌಕಗಳು. ಒಂದೊಂದು ಬದಿ 113 ಮೀಟರು. ಬರ್ಫಿಯ ಮೂಲೆ ಮುರಿದ ಹಾಗೆ ನಾಲ್ಕು ಮೂಲೆಯನ್ನೂ ಕತ್ತರಿಸಿದೆ. ಇದು ಇಲ್ದೆಫಾನ್ಸ್ ಸೆರ್ದಾ ಎಂಬ ಎಂಜಿನಿಯರು 1859ರಲ್ಲಿ ಹಾಕಿದ ನಕ್ಷೆ. ಅದಕ್ಕೆ ಮುಂಚೆ ಜನ ಕೋಟೆಯೊಳಗೆ ಗಾಳಿ ಬೆಳಕಿಲ್ಲದೆ ಕಿಕ್ಕಿರಿದು, ಕಾಲರಾ ಬಂದರೆ ಮನೆಮನೆಗೂ ಸಾವು. ಹಾಗಾಗಿ ಚೌಕದ ಎರಡೇ ಬದಿಗೆ ಮನೆ, ನಡುವೆ ಎಲ್ಲರಿಗೂ ತೋಟ ಅಂತ ಆತನ ಲೆಕ್ಕ. ನಿವೇಶನದವರು ಬಿಟ್ಟಾರೆಯೇ? ನಾಲ್ಕೂ ಬದಿ ಕಟ್ಟಿದರು, ನಡುವೆ ಉಗ್ರಾಣ, ಕಾರ್ಖಾನೆ ತುಂಬಿದರು. ಬೀದಿಯಲ್ಲಿ ನಡೆಯುವವರಿಗೆ ಇದೊಂದೂ ಕಾಣದು. ಮೇಲಿಂದ ನೋಡಿದರೆ ಮಾತ್ರ ಹಿತ್ತಿಲ ಗುಟ್ಟು ರಟ್ಟು.

1980ರ ದಶಕದಿಂದೀಚೆಗೆ ನಗರಸಭೆಯವರು ಅಂಥ ಕೆಲವು ಒಳ ಅಂಗಳಗಳನ್ನು ಬಿಡಿಸಿ ತೋಟ ಮಾಡಿದ್ದಾರೆ. ಒಂದರಲ್ಲಿ ಹಳೇ ಇಟ್ಟಿಗೆಯ ನೀರಿನ ಗೋಪುರ, ಅದರ ಬುಡದಲ್ಲಿ ಬೇಸಿಗೆಗೆ ಮಕ್ಕಳು ಆಡೋದಕ್ಕೆ ಮೊಣಕಾಲುದ್ದದ ಕೊಳ. ಚರ್ಚು ಚೆಂದವೇ, ಇಲ್ಲ ಅನ್ನೋದಿಲ್ಲ. ಆದರೆ ಹೆಲಿಕಾಪ್ಟರಿನಲ್ಲಿ ನನ್ನನ್ನು ಕೂರಿಸಿದರೆ ನಾನು ಹುಡುಕೋದು ಆ ಕೊಳವನ್ನೇ.