ಅಜ್ಜಿ ಹುಷಾರಾದರು, ದೇವರಿಗೆ ಸ್ತೋತ್ರ. ಸೋಮವಾರ ಒಲೆ ಊದುವವರು ಯಾರು?



ಭಾನುವಾರದ ಪೂಜೆಯ ಕೊನೆಗೆ ಪ್ರಕಟಣೆಗಳ ನಡುವೆ ಒಂದು ಮಾತು ಆಗಾಗ ಕೇಳುತ್ತೇವೆ. "ಇಂಥವರ ಮನೆಯ ಅಜ್ಜಿ ಗಂಭೀರ ಕಾಯಿಲೆಯಿಂದ ಗುಣವಾದ ಪ್ರಯುಕ್ತ ಕೃತಜ್ಞತಾ ಪೂಜೆ ಇದೆ. ಪೂಜೆಯಾದ ಮೇಲೆ ಎಲ್ಲರೂ ಊಟಕ್ಕೆ ಬರಬೇಕು." ನಾವೂ ಸಂತೋಷವಾಗಿ ಹೋಗುತ್ತೇವೆ. ಅಜ್ಜಿಗೆ ಹೊಸ ಸೀರೆ ಉಡಿಸಿ ಮುಂದಿನ ಸಾಲಿನಲ್ಲಿ ಕೂರಿಸಿರುತ್ತಾರೆ. ಗುರುಗಳು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಫೋಟೋ ತೆಗೆದು ಸ್ಟೇಟಸ್ ಹಾಕುತ್ತೇವೆ. ಬಿರಿಯಾನಿಯೂ ಚೆನ್ನಾಗಿರುತ್ತದೆ.

ಇದರಲ್ಲಿ ತಪ್ಪೇನೂ ಇಲ್ಲ. ನನ್ನ ಜಗಳ ಇರುವುದು ಆ ಭಾನುವಾರದ ಜೊತೆಗಲ್ಲ, ಮಾರನೆಯ ಸೋಮವಾರದ ಜೊತೆಗೆ.

ಸೋಮವಾರ ಬೆಳಿಗ್ಗೆ ಐದಕ್ಕೆ ಅದೇ ಅಜ್ಜಿ ಎದ್ದು ಕೊಟ್ಟಿಗೆಯ ಸಗಣಿ ಬಾಚುತ್ತಾರೆ. ನಲ್ಲಿಯಲ್ಲಿ ನೀರು ಬಂದಾಗ ಕೊಡ ಹೊರುತ್ತಾರೆ. ಸೌದೆ ಒಲೆ ಊದುತ್ತಾರೆ. ಮೊಮ್ಮಕ್ಕಳಿಗೆ ಡಬ್ಬಿ ಕಟ್ಟಿ ಬಸ್ಸು ಹತ್ತಿಸುತ್ತಾರೆ. ಮೊನ್ನೆಯವರೆಗೆ ಆಕ್ಸಿಜನ್ ಹಿಡಿದು ಉಸಿರಾಡಿದ ಎದೆ ಅದು. ಆಸ್ಪತ್ರೆಯಿಂದ ತಂದ ಮಾತ್ರೆಗಳ ಕವರು ಮಾತೆಯ ಪಟದ ಹಿಂದೆ ಧೂಳು ಹಿಡಿಯುತ್ತದೆ. "ಪ್ರಭುವೇ ಗುಣಪಡಿಸಿದ ಮೇಲೆ ಇನ್ನು ಮಾತ್ರೆ ಯಾಕೆ?" ಮತ್ತೆ ತೋರಿಸಲು ಬರಹೇಳಿದ ತಾರೀಕು ಯಾರಿಗೂ ನೆನಪಿರುವುದಿಲ್ಲ.

ಒಂದೇ ಮಾತಿನಲ್ಲಿ ಹೇಳುತ್ತೇನೆ. ಅಜ್ಜಿಯ ಸೋಮವಾರವನ್ನು ಬದಲಿಸದ ಕೃತಜ್ಞತಾ ಪೂಜೆ ಅರ್ಧಕ್ಕೇ ನಿಂತ ಪೂಜೆ. ದೇವರು ತಿರುಗಿ ಕೊಟ್ಟ ಜೀವವನ್ನು ನಾಳೆಯಿಂದಲೇ ಸವೆಸಲು ಶುರುಮಾಡಿದರೆ, ನಿನ್ನೆ ಹೇಳಿದ ಸ್ತೋತ್ರಕ್ಕೆ ಬೆಲೆಯೇನು?

ನಾವು ಅತ್ತದ್ದು ಯಾರಿಗಾಗಿ?

ನಮ್ಮ ಸೇಲಂ, ಧರ್ಮಪುರಿ ಕಡೆಯ ಹಳ್ಳಿಗಳ ಕಥೆ ನಮಗೆಲ್ಲ ಗೊತ್ತು. ಗಂಡ ಹೆಂಡತಿ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ತಿರುಪ್ಪೂರಿನ ಬನಿಯನ್ ಕಂಪನಿಗೋ ಹೊಸೂರಿನ ಕಾರ್ಖಾನೆಗೋ ಹೋಗುತ್ತಾರೆ. ಮಕ್ಕಳು, ಹಸು, ಮನೆಯ ಬೀಗ, ಎಲ್ಲ ಅಜ್ಜಿಯ ಕೈಯಲ್ಲಿ. ರಾಗಿ ಬೀಸುವುದರಿಂದ ಹಿಡಿದು ಜಪಸರ ಹೇಳಿಸುವವರೆಗೆ ಎಲ್ಲವೂ ಅವರದೇ. ಗುಡಿಯಲ್ಲಿ ಪೂಜೆ ತಮಿಳಿನಲ್ಲಿ ನಡೆಯುವ ಊರುಗಳಲ್ಲಿ ನಮ್ಮಲ್ಲಿ ಹಲವರ ಬಾಯಿಗೆ ಕನ್ನಡದ ಜಪ ಬಂದದ್ದೇ ಅಜ್ಜಿಯ ಬಾಯಿಂದ. 1997ರಲ್ಲಿ ಧರ್ಮಪುರಿ ಧರ್ಮಪ್ರಾಂತ್ಯ ಸೇಲಂನಿಂದ ಬೇರೆಯಾದಾಗ ಈ ಅಜ್ಜಿಯರಲ್ಲಿ ಎಷ್ಟೋ ಜನಕ್ಕೆ ಆಗಲೇ ಮೊಮ್ಮಕ್ಕಳಿದ್ದರು.

ಆದ್ದರಿಂದ ಅಜ್ಜಿ ಮಲಗಿದರೆ ಮನೆಯೇ ಮಲಗುತ್ತದೆ. ಆಗ ನಾವು ಅಳುತ್ತೇವೆ, ಹರಕೆ ಹೊರುತ್ತೇವೆ, ವೇಲಾಂಕಣಿಗೆ ನಡೆದು ಬರುತ್ತೇನೆ ಎನ್ನುತ್ತೇವೆ. ಆ ಕಣ್ಣೀರು ಸುಳ್ಳಲ್ಲ. ಆದರೆ ಅದರಲ್ಲಿ ಅಜ್ಜಿಗೆ ಎಷ್ಟು ಪಾಲು, ನಿಂತುಹೋದ ಒಲೆಗೆ ಎಷ್ಟು ಪಾಲು? ಅವರು ಎದ್ದ ದಿನವೇ ಪೊರಕೆ ಅವರ ಕೈಗೆ ವಾಪಸು ಹೋದರೆ ಉತ್ತರ ಕಣ್ಣಿಗೇ ಕಾಣುತ್ತದಲ್ಲ!

ಪೇತ್ರನ ಅತ್ತೆಯ ಹೆಸರಿನಲ್ಲಿ

ಇಂಥ ಪೂಜೆಗಳಲ್ಲಿ ಬಹಳ ಸಲ ಓದುವ ಶುಭಸಂದೇಶ ಮಾರ್ಕನ ಮೊದಲ ಅಧ್ಯಾಯದ್ದು: ಪೇತ್ರನ ಅತ್ತೆಗೆ ಜ್ವರ. ಯೇಸು ಕೈಹಿಡಿದು ಎಬ್ಬಿಸುತ್ತಾರೆ, ಜ್ವರ ಬಿಡುತ್ತದೆ, ಆಕೆ ಎದ್ದು ಅವರನ್ನು ಉಪಚರಿಸುತ್ತಾಳೆ. ಊಟದ ಹೊತ್ತಿಗೆ ಯಾರೋ ಒಬ್ಬರು ನಗುತ್ತಾ ಹೇಳಿಯೇ ಹೇಳುತ್ತಾರೆ: "ನೋಡಿ, ಗುಣವಾದ ತಕ್ಷಣ ಅಡುಗೆ ಮನೆಗೇ ಹೋದಳು!"

ಗೆಳೆಯರೇ, ಈ ನಗು ನನಗೆ ಒಪ್ಪಿಗೆಯಿಲ್ಲ. ಆಕೆ ಮಾಡಿದ್ದಕ್ಕೆ ಮಾರ್ಕನು ಬಳಸುವ ಗ್ರೀಕ್ ಪದವನ್ನೇ ಅದೇ ಅಧ್ಯಾಯದಲ್ಲಿ ಅಡವಿಯಲ್ಲಿ ಯೇಸುವನ್ನು ಉಪಚರಿಸಿದ ದೇವದೂತರಿಗೂ ಬಳಸಿದ್ದಾನೆ. ಹತ್ತನೆಯ ಅಧ್ಯಾಯದಲ್ಲಿ ತಾನು ಬಂದದ್ದೇ ಸೇವೆ ಮಾಡಲು ಎಂದು ಯೇಸು ತನ್ನ ಬಗ್ಗೆ ಹೇಳಿಕೊಳ್ಳುವಾಗಲೂ ಅದೇ ಪದ. ಅಂದರೆ ಆಕೆಯದು ಮನೆಯಾಳಿನ ಚಾಕರಿ ಅಲ್ಲ, ಶಿಷ್ಯೆಯ ಸೇವೆ. ಆ ಕೆಲಸವನ್ನು ಯಾರೂ ಆಕೆಗೆ ಹೇಳಲಿಲ್ಲ. ಪೇತ್ರ "ಅತ್ತೆ, ಊಟ ಎಲ್ಲಿ?" ಎಂದು ಕೇಳಿದ ಎಂದು ಎಲ್ಲೂ ಬರೆದಿಲ್ಲ. ಮನೆಯವರು ಮಾಡಿದ ಒಂದೇ ಕೆಲಸವನ್ನು ಮಾರ್ಕ ಬರೆದಿದ್ದಾನೆ: ಯೇಸು ಮನೆಗೆ ಬಂದ ಕೂಡಲೇ ಆಕೆಯ ಕಾಯಿಲೆಯ ವಿಷಯ ತಿಳಿಸಿದರು. ತಡಮಾಡಲಿಲ್ಲ. ನಾವು ಕಲಿಯಬೇಕಾದದ್ದು ಅದನ್ನು.

"ಊಟಕ್ಕೆ ಕೊಡಿ" ಎಂದ ಪ್ರಭು

ಅದೇ ಮಾರ್ಕನ ಐದನೆಯ ಅಧ್ಯಾಯದಲ್ಲಿ ಯಾಯೀರನ ಮಗಳ ಅದ್ಭುತವಿದೆ. ಸತ್ತಳೆಂದು ಎಲ್ಲರೂ ಗೋಳಾಡುತ್ತಿದ್ದ ಹುಡುಗಿ ಎದ್ದು ಓಡಾಡುತ್ತಾಳೆ. ಎಲ್ಲರೂ ಬೆರಗಾಗಿ ನಿಂತಿದ್ದಾಗ ಯೇಸುವಿಗೆ ಒಂದು ವಿಷಯ ನೆನಪಾಗುತ್ತದೆ: ಮಗುವಿಗೆ ಏನಾದರೂ ತಿನ್ನಲು ಕೊಡಿ ಎನ್ನುತ್ತಾರೆ. ಅದ್ಭುತ ಮಾಡಿದ ದೇವಪುತ್ರನೇ ಪಥ್ಯದ ಮಾತನ್ನೂ ಆಡಿದ್ದಾನೆ. ಗುಣಪಡಿಸುವುದು ಮುಗಿದ ಮೇಲೆ ಆರೈಕೆ ಶುರು ಎಂಬುದು ಡಾಕ್ಟರರಷ್ಟೇ ಹೇಳುವ ಮಾತಲ್ಲ, ಶುಭಸಂದೇಶದಲ್ಲೂ ಇದೆ.

ಬಿ.ಎಸ್ಸಿ. ಓದಿದವನಾಗಿ ಇದಕ್ಕೆ ಎರಡು ಮಾತು ಸೇರಿಸುತ್ತೇನೆ. ವಯಸ್ಸಾದವರು ಹತ್ತು ದಿನ ಹಾಸಿಗೆ ಹಿಡಿದರೂ ಕಾಲಿನ ಮಾಂಸಖಂಡ ಕರಗುತ್ತದೆ. ಜ್ವರ ಬಿಟ್ಟರೂ ಬಲ ಕೂಡಲೇ ಬರುವುದಿಲ್ಲ, ತಿಂಗಳುಗಳೇ ಹಿಡಿಯಬಹುದು. ಆ ದಿನಗಳಲ್ಲಿ ಬೇಕಾದದ್ದು ಮೊಟ್ಟೆ, ಬೇಳೆ, ಹಾಲು, ಮನೆಯ ಮುಂದೆ ನಿಧಾನವಾದ ನಡಿಗೆ, ಹಿಡಿದುಕೊಳ್ಳಲು ಒಂದು ಕೈ. ಬೇಡವಾದದ್ದು ನೀರಿನ ಕೊಡ ಮತ್ತು ಒಲೆಯ ಹೊಗೆ. ಇನ್ನು ಬಿ.ಪಿ. ಏರಿದರೆ ಬಹಳ ಸಲ ಏನೂ ಗೊತ್ತಾಗುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ ಎಂದು ಮಾತ್ರೆ ಬಿಟ್ಟವರಿಗೆ ಅದು ಗೊತ್ತಾಗುವುದು ಒಮ್ಮೊಮ್ಮೆ ಬಾಯಿ ಸೊಟ್ಟಗಾದಾಗ, ಕೈ ಬಿದ್ದಾಗ. ಎರಡನೆಯ ಸಲ ಅಜ್ಜಿ ಎದ್ದೇಳುತ್ತಾರೆ ಎಂದು ಯಾರು ಮಾತು ಕೊಟ್ಟಿದ್ದಾರೆ?

ಅಂಬಿಗನ ಹಂಗು

"ಎಲ್ಲಾ ದೇವರ ಕೃಪೆ, ಡಾಕ್ಟರ್ ಏನು ಮಾಡಿದರು?" ಎಂದು ಸಾಕ್ಷಿ ಹೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇದು ಭಕ್ತಿಯಂತೆ ಕಾಣುತ್ತದೆ, ಆದರೆ ನಮ್ಮ ಬೈಬಲಿಗೇ ವಿರುದ್ಧ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ಓದಿ. ವೈದ್ಯನನ್ನೂ ದೇವರೇ ಸೃಷ್ಟಿಸಿದ್ದು, ಮದ್ದು ಮಣ್ಣಿನಿಂದ ಬರುವುದೂ ದೇವರಿಂದಲೇ, ಪ್ರಾರ್ಥನೆಯನ್ನೂ ಮಾಡು, ವೈದ್ಯನಿಗೂ ಜಾಗ ಕೊಡು ಎಂಬುದೇ ಅದರ ಸಾರ. ಸೇಲಂನ ಮೋಹನ್ ಕುಮಾರಮಂಗಲಂ ಆಸ್ಪತ್ರೆಯಲ್ಲೋ ಧರ್ಮಪುರಿಯ ಜಿ.ಎಚ್.ನಲ್ಲೋ ರಾತ್ರಿಯಿಡೀ ನಿಂತು ಡ್ರಿಪ್ ನೋಡಿಕೊಳ್ಳುವ ನರ್ಸಮ್ಮನ ಕೈಯನ್ನು ದೇವರ ಕೈಯಲ್ಲ ಎಂದು ತಳ್ಳಿಹಾಕಲು ನಾವು ಯಾರು?

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯಿದೆ. ಹೊಗೇನಕಲ್ಲಿನಲ್ಲಿ ಹರಿಗೋಲು ಹತ್ತಿದ ನಮಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇನ್ನೊಬ್ಬ ಅಂಬಿಗಳು ಮನೆಯೊಳಗೇ ಇದ್ದಾಳೆ. ಸೊಸೆ. ಕೆಲವು ಮನೆಗಳಲ್ಲಿ ಮಗಳು. ಕೆಲಸಕ್ಕೆ ರಜೆ ಹಾಕಿ, ಸಂಬಳ ಬಿಟ್ಟು, ವಾರ್ಡಿನ ನೆಲದ ಮೇಲೆ ಚಾಪೆ ಹಾಸಿ ಮಲಗಿದವಳು ಅವಳು. ಮಲ ಮೂತ್ರ ತೆಗೆದವಳು, ಗಂಜಿ ಕುಡಿಸಿದವಳು, ಬೈಸಿಕೊಂಡವಳು. ಕೃತಜ್ಞತೆಯ ಭಾಷಣದಲ್ಲಿ ಗುರುಗಳಿಗೆ, ಊರ ಹಿರಿಯರಿಗೆ, ದೂರದಿಂದ ಕಾರಿನಲ್ಲಿ ಬಂದು ಹಣ್ಣು ಕೊಟ್ಟು ಹೋದ ನೆಂಟರಿಗೆ ವಂದನೆ ಇರುತ್ತದೆ. ಅವಳ ಹೆಸರು ಬರುವುದಿಲ್ಲ, ಆ ಹೊತ್ತಿಗೆ ಅವಳು ಎಲೆ ಎತ್ತುತ್ತಿರುತ್ತಾಳೆ. ಅಜ್ಜಿಯನ್ನು ಬದುಕಿಸಿಕೊಂಡದ್ದಕ್ಕೆ ಅವಳಿಗೆ ಸಿಕ್ಕ ಬಹುಮಾನ ಇನ್ನೊಂದಿಷ್ಟು ಪಾತ್ರೆ. ಅಜ್ಜಿಗೆ ವಿಶ್ರಾಂತಿ ಕೊಡಿ ಎಂದು ನಾನು ಹೇಳಿದರೆ ಆ ಹೊರೆಯನ್ನೂ ಇವಳ ತಲೆಗೆ ಕಟ್ಟಿ ಎಂದು ಅರ್ಥವಲ್ಲ. ಮಗ ಏನು ಮಾಡುತ್ತಾನೆ? ಹತ್ತೊಂಬತ್ತು ವರ್ಷದ ಮೊಮ್ಮಗ ಏನು ಮಾಡುತ್ತಾನೆ? ಕ್ರಿಕೆಟ್ ಬ್ಯಾಟು ಹಿಡಿಯುವ ಕೈಗೆ ನೀರಿನ ಕೊಡ ಭಾರವೇ?

"ವಯಸ್ಸಾಯಿತು" ಎಂಬ ಮಾತು

ತಡಮಾಡುವ ವಿಷಯವನ್ನೂ ಹೇಳಲೇಬೇಕು. ಅಜ್ಜಿ ಎದೆ ಹಿಡಿದುಕೊಂಡರೆ ಗ್ಯಾಸ್ ಎನ್ನುತ್ತೇವೆ. ಎದ್ದು ನಿಲ್ಲಲಾರದಿದ್ದರೆ ವಯಸ್ಸು ಎನ್ನುತ್ತೇವೆ. ವಯಸ್ಸಿನ ಮೇಲೆ ಹಾಕಿದರೆ ಯಾರಿಗೂ ಖರ್ಚಿಲ್ಲ. ಧರ್ಮಪುರಿಯ ಎಷ್ಟೋ ಅಜ್ಜಿಯರ ಬಗ್ಗಿದ ಬೆನ್ನು, ಹಿಡಿದುಹೋದ ಮಂಡಿ ಬರೀ ವಯಸ್ಸಿನಿಂದ ಬಂದದ್ದಲ್ಲ. ಕೊಳವೆ ಬಾವಿ ನೀರಿನಲ್ಲಿದ್ದ ಫ್ಲೋರೈಡಿಗೂ ಅದರಲ್ಲಿ ಪಾಲಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಕಡೆಯ ಎಷ್ಟೋ ಬಾವಿಗಳು ಅದನ್ನು ದಾಟಿದ್ದವು. ಅದಕ್ಕಾಗಿಯೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು, 2013ರಲ್ಲಿ ಉದ್ಘಾಟನೆಯಾಯಿತು. ವಯಸ್ಸು ಎಂದು ಕೈತೊಳೆದುಕೊಂಡಿದ್ದರೆ ಆ ನೀರೂ ಬರುತ್ತಿರಲಿಲ್ಲ.

ಗುರುಗಳನ್ನು ಕರೆಯುವುದರಲ್ಲೂ ಇದೇ ತಡ. ಅಭ್ಯಂಗ ಸಂಸ್ಕಾರ ಎಂದರೆ ಕೊನೆಯುಸಿರಿನ ಸಂಸ್ಕಾರ ಎಂದು ಹೆದರಿ, ಅಜ್ಜಿಗೆ ಪ್ರಜ್ಞೆ ತಪ್ಪುವವರೆಗೆ ಕಾಯುತ್ತೇವೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಇದನ್ನು ರೋಗಿಗಳ ಅಭ್ಯಂಗ ಎನ್ನುವುದೇ ಸರಿ ಎಂದಿತು. ಸಾಯುವ ಗಳಿಗೆಯವರಿಗೆ ಮಾತ್ರವಲ್ಲ, ಕಾಯಿಲೆಯಿಂದಲೋ ಮುಪ್ಪಿನಿಂದಲೋ ಅಪಾಯ ಶುರುವಾದಾಗಲೇ ಅದಕ್ಕೆ ಸಮಯ. ಮೊದಲು 108ಕ್ಕೆ ಫೋನ್ ಮಾಡಿ, ಹಿಂದೆಯೇ ಗುರುಗಳಿಗೆ ಮಾಡಿ. ಎರಡೂ ಬೇಗ.

"ಅಜ್ಜಿಗೇ ಸುಮ್ಮನೆ ಕೂರಲು ಆಗುವುದಿಲ್ಲ"

ಇದನ್ನು ಓದಿ ಹಲವರು ಹೇಳುವ ಮಾತು ನನಗೆ ಈಗಲೇ ಕೇಳಿಸುತ್ತಿದೆ. "ನಾವೇನು ಬಲವಂತ ಮಾಡುತ್ತೇವಾ? ಬೇಡ ಎಂದರೂ ಅವರೇ ಎದ್ದು ಮಾಡುತ್ತಾರೆ." ಇದರಲ್ಲಿ ನಿಜವಿದೆ. ಜೀವನವೆಲ್ಲ ದುಡಿದವರನ್ನು ಮೂಲೆಯಲ್ಲಿ ಕೂರಿಸಿದರೆ ಕೊರಗುತ್ತಾರೆ. ಅವರೆಕಾಯಿ ಬಿಡಿಸಲಿ, ಹುಣಸೆಹಣ್ಣಿನ ಬೀಜ ತೆಗೆಯಲಿ, ಮಕ್ಕಳಿಗೆ ಕಥೆ ಹೇಳಲಿ, ಯಾರು ಬೇಡ ಎಂದರು? ಆದರೆ ಬೇಕೆಂದು ಮಾಡುವ ಕೆಲಸ ಬೇರೆ, ತಾನು ಮಾಡದಿದ್ದರೆ ಯಾರೂ ಮಾಡುವುದಿಲ್ಲ ಎಂದು ಎದ್ದು ಮಾಡುವ ಕೆಲಸ ಬೇರೆ. ಅವರು ಏಳುವ ಮುಂಚೆ ನೀವು ಎದ್ದು ನೀರು ತುಂಬಿಡಿ. ಆಮೇಲೂ ಅವರು ಕೊಡ ಎತ್ತಿದರೆ ಆಗ ನಿಮ್ಮ ಮಾತು ಒಪ್ಪುತ್ತೇನೆ.

"ಆಸ್ಪತ್ರೆಗೇ ಸಾಲವಾಗಿದೆ, ಇನ್ನು ಆರೈಕೆಗೆ ದುಡ್ಡೆಲ್ಲಿ?" ಎನ್ನುವವರೂ ಇದ್ದಾರೆ. ಸಾಲ ಮಾಡಿ ಇನ್ನೂರು ಜನಕ್ಕೆ ಊಟ ಹಾಕುವ ಮನೆಗೆ ಈ ಮಾತು ಹೊಂದುವುದಿಲ್ಲ. ಪಾಯಸ ಹಂಚಿ ಸಾಕು ಮಾಡಿ. ಉಳಿದ ದುಡ್ಡಿನಲ್ಲಿ ಅಜ್ಜಿಯ ಆರು ತಿಂಗಳ ಹಾಲು ಮೊಟ್ಟೆ ಬರುತ್ತದೆ. ಊಟಕ್ಕೆ ಕರೆಯಲಿಲ್ಲ ಎಂದು ನೆಂಟರು ಮುನಿಸಿಕೊಂಡರೆ ಕೃತಜ್ಞತೆ ನಮ್ಮದು, ಮುನಿಸು ಅವರದು.

ಹಾಗಾದರೆ ಯುವಕೂಟ ಏನು ಮಾಡಬಹುದು?

ಬರೀ ಬೈದು ಹೋಗುವುದಿಲ್ಲ. ನಮ್ಮ ಕೈಲಾಗುವ ಕೆಲಸಗಳಿವೆ.

ಒಂದು, ಡಿಸ್ಚಾರ್ಜ್ ಚೀಟಿ ಓದುವುದು. ಅದು ಇಂಗ್ಲಿಷಿನಲ್ಲಿರುತ್ತದೆ, ನರ್ಸ್ ತಮಿಳಿನಲ್ಲಿ ವಿವರಿಸುತ್ತಾರೆ, ಅಜ್ಜಿಯ ನೋವು ಕನ್ನಡದಲ್ಲಿರುತ್ತದೆ. ಮೂರೂ ಬಲ್ಲವರು ನಾವು. ಯಾವ ಮಾತ್ರೆ ಬೆಳಿಗ್ಗೆ, ಯಾವುದು ರಾತ್ರಿ, ಮತ್ತೆ ಯಾವತ್ತು ಹೋಗಬೇಕು ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ.

ಎರಡು, ಮನೆ ಬಾಗಿಲಿಗೆ ಬರುವ ಸೇವೆಯನ್ನು ಬಳಸುವುದು. "ಮಕ್ಕಳೈ ತೇಡಿ ಮರುತ್ತುವಂ" ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದು ನಮ್ಮ ಪಕ್ಕದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಗೇ ತಂದುಕೊಡುವುದು, ಫಿಸಿಯೋಥೆರಪಿ, ಹಾಸಿಗೆ ಹಿಡಿದವರ ಆರೈಕೆ ಅದರಲ್ಲಿವೆ. ನಿಮ್ಮ ಅಜ್ಜಿಯ ಹೆಸರು ಅದರಲ್ಲಿ ಇದೆಯೇ ಎಂದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ತಮಿಳಿನಲ್ಲಿ "ಮಕ್ಕಳ್" ಎಂದರೆ ಜನ. ನಮ್ಮ ಕಿವಿಗೆ ಮಾತ್ರ ಅದು ಮಕ್ಕಳು ಎಂದೇ ಕೇಳುತ್ತದೆ. ಹಾಸಿಗೆಯಿಂದ ಎದ್ದ ಅಜ್ಜಿಯ ಕಣ್ಣು ಹುಡುಕುವುದೂ ಅವರನ್ನೇ.

ಮೂರು, ಜುಲೈ ತಿಂಗಳ ನಾಲ್ಕನೆಯ ಭಾನುವಾರ. ಪೋಪ್ ಫ್ರಾನ್ಸಿಸ್ 2021ರಲ್ಲಿ ಅದನ್ನು ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವನ್ನಾಗಿ ಮಾಡಿದರು. ಶಾಲು ಹೊದಿಸಿ ಗುಲಾಬಿ ಕೊಟ್ಟು ಕಳಿಸುವ ಬದಲು, ಕಾಯಿಲೆಯಿಂದ ಎದ್ದ ಒಬ್ಬೊಬ್ಬ ಅಜ್ಜಿಗೆ ಯುವಕೂಟದ ಇಬ್ಬಿಬ್ಬರನ್ನು ಜೊತೆಮಾಡೋಣ. ವಾರಕ್ಕೊಮ್ಮೆ ಹೋಗಿ ಮಾತ್ರೆ ಎಣಿಸಿ, ಜೊತೆಯಲ್ಲಿ ಬೀದಿಯ ತುದಿಯವರೆಗೆ ನಡೆದು, ಒಂದು ಜಪಸರ ಹೇಳಿ ಬರಲಿ.

ಕೃತಜ್ಞತಾ ಪೂಜೆಗೆ ದಯವಿಟ್ಟು ಕರೆಯಿರಿ, ಖಂಡಿತ ಬರುತ್ತೇವೆ, ಹಾಡುತ್ತೇವೆ. ಆದರೆ ಈ ಸಲ ಪೂಜೆಯ ಕೊನೆಗೆ ಮೈಕು ಹಿಡಿಯುವ ಮಗ ಇಷ್ಟು ಹೇಳಲಿ: ಆಸ್ಪತ್ರೆಯಲ್ಲಿ ನನ್ನ ತಾಯಿಯನ್ನು ನೋಡಿಕೊಂಡವಳು ನನ್ನ ಹೆಂಡತಿ; ನಾಳೆಯಿಂದ ನೀರು ತರುವವನು ನಾನು; ಮುಂದಿನ ತಪಾಸಣೆ ಇಂಥ ತಾರೀಕು. ಇದನ್ನು ಕೇಳಿದ ಮೇಲೆ ನಾವು ಹೇಳುವ "ಆಮೆನ್"ಗೆ ಅರ್ಥವಿರುತ್ತದೆ.