ಖಾಲಿ ಆಸನದ ಬೆಲೆ

ಸಾರ್ವಜನಿಕ ವಾಹನವೆಂದರೆ ಯಾವುದೆಂದು ಕೇಳಿದರೆ, ಬಸ್ಸು ಎಂದು ಯಾರಾದರೂ ಥಟ್ಟನೆ ಉತ್ತರ ಕೊಟ್ಟಾರು. ಆದರೆ ಮದುವೆಯ ದಿಬ್ಬಣವನ್ನು ಹೊತ್ತು ಹೊರಟದ್ದೂ ಬಸ್ಸೇ, ಕಾರ್ಖಾನೆಯ ಕೆಲಸಗಾರರನ್ನು ಕರೆದೊಯ್ಯುವುದೂ ಬಸ್ಸೇ. ಅವುಗಳನ್ನು ಸಾರ್ವಜನಿಕ ವಾಹನವೆಂದು ಯಾರೂ ಕರೆಯುವುದಿಲ್ಲ. ಹಾಗಾದರೆ ಸಾರ್ವಜನಿಕತೆಯ ಗುರುತು ಯಾವುದು? ಮಧ್ಯಾಹ್ನದ ಉರಿಬಿಸಿಲಿನಲ್ಲಿ ನಾಲ್ಕೇ ಮಂದಿಯನ್ನು ಕೂರಿಸಿಕೊಂಡು, ಮಿಕ್ಕ ಆಸನಗಳೆಲ್ಲ ಬರಿದಾಗಿದ್ದರೂ ಹೊತ್ತಿಗೆ ಸರಿಯಾಗಿ ಹೊರಡುವ ಬಸ್ಸಿನಲ್ಲಿ ಆ ಗುರುತನ್ನು ಕಾಣಬಹುದು. ಮುಂದಿನ ನಿಲುಗಡೆಯಲ್ಲಿ ಯಾರೋ ಒಬ್ಬರು ಕಾದಿರಬಹುದೆಂಬ ನಂಬಿಕೆಯಿಂದ ಆ ಬಸ್ಸು ಓಡುತ್ತದೆ. ಬಸ್ಸು ಬಂದೇ ಬರುತ್ತದೆಂಬ ನಂಬಿಕೆಯಿಂದ ಅವರು ಕಾದಿರುತ್ತಾರೆ. ಈ ಎರಡು ನಂಬಿಕೆಗಳ ನಡುವೆ ಇರುವುದೇ ಆ ಖಾಲಿ ಆಸನ. ಅದರ ಬೆಲೆಯನ್ನು ತೆರತಕ್ಕವರು ಯಾರು? ಸಣ್ಣ ನಗರಗಳ ಸಾರಿಗೆಯ ಇತಿಹಾಸವೆಲ್ಲ ಈ ಒಂದು ಪ್ರಶ್ನೆಗೆ ದೊರೆತ ಬಗೆಬಗೆಯ ಉತ್ತರಗಳೆಂದರೆ ಅತಿಶಯೋಕ್ತಿಯಲ್ಲ.

ಮೊದಲ ಉತ್ತರ ಕುದುರೆಗಾಡಿಯದು. ೧೮೮೨ರಲ್ಲಿ ಬೆಂಗಳೂರಿನಿಂದ ರೈಲುಹಾದಿ ಮೈಸೂರನ್ನು ಮುಟ್ಟಿತು. ೧೯೦೭ರಲ್ಲಿ ಮಂಗಳೂರಿಗೆ ರೈಲು ಬಂದಿತು. ರೈಲು ಊರಿನ ಅಂಚಿಗೆ ತಂದು ಇಳಿಸುತ್ತಿತ್ತೇ ಹೊರತು ಮನೆಯ ಬಾಗಿಲಿಗಲ್ಲ. ಟ್ರಂಕು, ಹಾಸಿಗೆಯ ಸುರುಳಿ, ಹಣ್ಣಿನ ಬುಟ್ಟಿಗಳೊಡನೆ ಇಳಿದ ಸಂಸಾರವನ್ನು ಅಗ್ರಹಾರಕ್ಕೋ ಪೇಟೆಗೋ ಮುಟ್ಟಿಸಲು ನಿಲ್ದಾಣದೆದುರು ಟಾಂಗಾಗಳು, ಜಟಕಾಗಳು ಸಾಲುಗಟ್ಟಿ ನಿಲ್ಲತೊಡಗಿದವು. ಸವಾರಿಗೆ ಮುನ್ನ ಚೌಕಾಶಿ, ಇಳಿದ ಮೇಲೆ ಇನ್ನೊಂದು ಚೌಕಾಶಿ. ನಡುವೆ ಗಾಲಿಯ ಸದ್ದು, ಗೊರಸಿನ ತಾಳ. ಆದರೆ ಜಟಕಾದವನಿಗೆ ವೇಳಾಪಟ್ಟಿಯೆಂಬುದಿರಲಿಲ್ಲ. ಸವಾರಿ ಸಿಕ್ಕಿದರೆ ಓಡುವುದು, ಸಿಕ್ಕದಿದ್ದರೆ ಮರದ ನೆರಳಿನಲ್ಲಿ ಕುದುರೆಗೆ ಹುಲ್ಲು ಹಾಕಿ ಕೂರುವುದು. ಖಾಲಿ ಗಾಡಿ ಓಡಿಸಿದರೆ ಸವೆಯುವುದು ಅವನದೇ ಕುದುರೆಯ ಕಾಲು. ಆದ್ದರಿಂದ ಖಾಲಿ ಆಸನದ ಬೆಲೆಯನ್ನು ಅವನು ತೆರುತ್ತಿರಲಿಲ್ಲ. ಗಾಡಿ ಸಿಗದೆ ನಡೆದು ಹೋದವನು ತೆರುತ್ತಿದ್ದನು.

ಇದಕ್ಕೆ ವಿರುದ್ಧವಾದ ಪ್ರಯೋಗವೂ ಆ ಕಾಲದಲ್ಲಿಯೇ ಉತ್ತರ ಹಿಂದೂಸ್ಥಾನದಲ್ಲಿ ನಡೆದಿತ್ತು. ಟ್ರಾಮು ಎಂದೊಡನೆ ಕಲ್ಕತ್ತ, ಮುಂಬಯಿ, ಮದರಾಸುಗಳೇ ನೆನಪಾಗುವುದು ಸಹಜ. ಆದರೆ ಪಾಟ್ನಾದಲ್ಲಿ ೧೮೮೬ರಲ್ಲಿಯೇ ಕುದುರೆ ಎಳೆಯುವ ಟ್ರಾಮು ಓಡಾಡಿತು. ಕಾನ್ಪುರದಲ್ಲಿ ೧೯೦೭ರಲ್ಲಿ ವಿದ್ಯುತ್ತಿನ ಟ್ರಾಮು ರೈಲ್ವೆ ನಿಲ್ದಾಣಕ್ಕೂ ಗಂಗೆಯ ದಡಕ್ಕೂ ನಂಟು ಕಟ್ಟಿತು. ಟ್ರಾಮಿಗೆ ಜಟಕಾದಂತೆ ಮರದ ನೆರಳಿನಲ್ಲಿ ಕಾಯುವ ಅನುಕೂಲವಿಲ್ಲ. ಕಂಬಿ ಹಾಸಿದ ಮೇಲೆ ಜನ ಬರಲಿ, ಬಾರದಿರಲಿ, ಓಡಲೇಬೇಕು. ದೊಡ್ಡ ನಗರದಲ್ಲಿ ಅದು ನಡೆದೀತು. ಸಣ್ಣ ಊರಿನಲ್ಲಿ ನಡೆಯುವುದು ಕಷ್ಟ. ಪಾಟ್ನಾದ ಟ್ರಾಮು ಸಾಕಷ್ಟು ಪ್ರಯಾಣಿಕರಿಲ್ಲದೆ ೧೯೦೩ರಲ್ಲಿ ನಿಂತಿತು. ಕಾನ್ಪುರದ್ದು ೧೯೩೩ರಲ್ಲಿ ಮುಗಿಯಿತು.

ಇವೆರಡರ ನಡುವಣ ದಾರಿಯಾಗಿ ಬಂದದ್ದು ಮೋಟಾರು ಬಸ್ಸು. ಕಂಬಿ ಬೇಡ, ಹುಲ್ಲು ಬೇಡ. ಇರುವ ರಸ್ತೆಯೇ ಸಾಕು. ಕನ್ನಡ ನಾಡಿನಲ್ಲಿ ಈ ಸಾಹಸಕ್ಕೆ ಮೊದಲಲ್ಲಿಯೇ ಕೈ ಹಾಕಿದವರು ಕರಾವಳಿಯವರು. ೧೯೧೪ರಲ್ಲಿ ವಿ. ಎಸ್. ಕುಡ್ವರು ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯನ್ನು ಕಟ್ಟಿದರು. ‘ಸಿ.ಪಿ.ಸಿ.’ ಎಂಬ ಮೂರಕ್ಷರಗಳು ಆ ಜಿಲ್ಲೆಯಲ್ಲಿ ಮನೆಮಾತಾದವು. ಹೊಳೆಗಳೂ ಏರಿಳಿತಗಳೂ ತುಂಬಿದ ಆ ಸೀಮೆಯಲ್ಲಿ ಬಸ್ಸು ಕೇವಲ ಅನುಕೂಲವಾಗಿರಲಿಲ್ಲ. ಊರನ್ನು ಊರಿಗೆ ಪರಿಚಯಿಸಿದ ಬಂಧುವಾಗಿತ್ತು.

ಆದರೂ ಆ ಮೊದಲ ಕಾಲದ ಖಾಸಗಿ ಬಸ್ಸುಗಳು ಬಹಳ ಕಡೆ ಜಟಕಾದ ಸ್ವಭಾವವನ್ನೇ ಉಳಿಸಿಕೊಂಡಿದ್ದವು. ‘ಈಗ ಹೊರಟೆವು, ಇನ್ನೇನು ಹೊರಟೆವು’ ಎಂದು ಕಂಡಕ್ಟರು ಕೂಗುವುದು, ಎಂಜಿನು ಗುರುಗುಟ್ಟುವುದು, ಬಸ್ಸು ನಾಲ್ಕು ಮಾರು ಮುಂದೆ ಹೋಗಿ ಮೂರು ಮಾರು ಹಿಂದೆ ಬರುವುದು, ಆಸನವೆಲ್ಲ ತುಂಬಿದ ಮೇಲೆಯೇ ಪ್ರಯಾಣ. ಒಂದೇ ಮಾರ್ಗದಲ್ಲಿ ಇಬ್ಬರು ಮಾಲೀಕರಿದ್ದರಂತೂ ದಾರಿಯಲ್ಲಿ ಪಂದ್ಯವೇ ನಡೆಯುತ್ತಿತ್ತು. ಇದಕ್ಕೆ ಕಡಿವಾಣ ಹಾಕಲು ಬಂದದ್ದು ೧೯೩೯ರ ಮೋಟಾರು ವಾಹನಗಳ ಕಾಯಿದೆ. ಯಾವ ಬಸ್ಸು, ಯಾವ ಮಾರ್ಗದಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ದರಕ್ಕೆ ಓಡಬೇಕೆಂಬುದನ್ನು ಪರ್ಮಿಟ್ಟಿನ ಮೂಲಕ ಕಟ್ಟಿಹಾಕುವ ವ್ಯವಸ್ಥೆ ಅದರಿಂದ ಬೇರೂರಿತು. ಅಷ್ಟರಲ್ಲಿಯೇ ಎರಡನೆಯ ಮಹಾಯುದ್ಧ ಬಂದಿತು. ಪೆಟ್ರೋಲಿಗೆ ಪಡಿತರವಾಯಿತು. ಬಸ್ಸುಗಳ ಬೆನ್ನಿಗೆ ಒಲೆಯಂತಹ ಉಪಕರಣವನ್ನು ಕಟ್ಟಿ, ಇದ್ದಲಿನ ಅನಿಲದಿಂದ ಓಡಿಸಿದರು. ಏರು ಬಂದಾಗ ಪ್ರಯಾಣಿಕರು ಇಳಿದು ನೂಕಿದ ಕಥೆಗಳನ್ನು ಹಿರಿಯರು ನಗುನಗುತ್ತ ಹೇಳುತ್ತಿದ್ದುದುಂಟು.

ಖಾಲಿ ಆಸನದ ಬೆಲೆಯನ್ನು ಸರಕಾರವೇ ತೆರಬೇಕೆಂಬ ವಿಚಾರ ಸ್ಥಿರಪಟ್ಟದ್ದು ಅನಂತರ. ಕನ್ನಡಿಗರು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಈ ವಿಚಾರ ಒಂದೊಂದು ದಿಕ್ಕಿಗೆ ಒಂದೊಂದು ಕಾಲದಲ್ಲಿ ಬಂದಿತು. ಕಲಬುರಗಿ, ರಾಯಚೂರು, ಬೀದರಗಳು ಸೇರಿದ್ದ ನಿಜಾಮರ ಸಂಸ್ಥಾನದಲ್ಲಿ ೧೯೩೨ರಲ್ಲಿ ರೈಲ್ವೆಯ ಅಂಗವಾಗಿ ೨೭ ಬಸ್ಸುಗಳಿಂದ ಸರಕಾರಿ ಸಾರಿಗೆ ಆರಂಭವಾಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಿದ್ದ ಮುಂಬಯಿ ಪ್ರಾಂತದಲ್ಲಿ ೧೯೪೮ರ ಜೂನ್ ೧ರಂದು ಪುಣೆಗೂ ಅಹಮದನಗರಕ್ಕೂ ನಡುವೆ ಮೊದಲ ಸರಕಾರಿ ಬಸ್ಸು ಹೊರಟಿತು. ಮೈಸೂರು ಸಂಸ್ಥಾನದಲ್ಲಿ ಅದೇ ವರ್ಷದ ಸೆಪ್ಟೆಂಬರ್ ೧೨ರಂದು ೧೨೦ ಬಸ್ಸುಗಳೊಡನೆ ರಸ್ತೆ ಸಾರಿಗೆ ಇಲಾಖೆ ಕಣ್ಣು ತೆರೆಯಿತು. ೧೯೫೦ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆ ಇದಕ್ಕೆಲ್ಲ ದೇಶವ್ಯಾಪಿಯಾದ ಚೌಕಟ್ಟನ್ನು ಒದಗಿಸಿತು. ೧೯೫೬ರಲ್ಲಿ ನಾಡು ಒಂದಾಯಿತು; ೧೯೬೧ರ ಆಗಸ್ಟ್ ೧ರಂದು ರಾಜ್ಯಕ್ಕೆ ತನ್ನದೇ ಸಾರಿಗೆ ನಿಗಮ ಬಂದಿತು.

ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಕಥೆ ಬೇರೆ. ಅಲ್ಲಿ ಏಕೀಕರಣದ ಹೊತ್ತಿಗಾಗಲೇ ಖಾಸಗಿ ಬಸ್ಸು ನಾಲ್ಕು ದಶಕಗಳ ಬೇರು ಬಿಟ್ಟಿತ್ತು. ಆ ಬೇರು ಇಂದಿಗೂ ಗಟ್ಟಿಯಾಗಿದೆ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗುವವರು ಅರಮನೆಯ ಸಮೀಪದ ನಗರ ನಿಲ್ದಾಣದಲ್ಲಿ ಸರಕಾರಿ ಬಸ್ಸನ್ನು ಹತ್ತಿದರೆ, ಮಂಗಳೂರಿನಲ್ಲಿ ‘ಸ್ಟೇಟ್ ಬ್ಯಾಂಕ್’ ಎಂದೇ ಹೆಸರಾದ ನಿಲ್ದಾಣದಿಂದ ಹೊರಡುವ ನಗರ ಬಸ್ಸುಗಳು ಬಹುಪಾಲು ಖಾಸಗಿಯವರವು. ಬಸ್ಸಿನ ಮೇಲಿರುವ ಹೆಸರಿನಲ್ಲಿ, ಕಂಡಕ್ಟರನ ಸೀಟಿಯ ಸದ್ದಿನಲ್ಲಿ ಎರಡು ಊರುಗಳ ಇತಿಹಾಸ ಬೇರೆಬೇರೆಯಾಗಿ ಕೇಳಿಸುತ್ತದೆ.

ಎರಡರಲ್ಲಿ ಯಾವುದು ಮೇಲು? ಅವಸರದ ತೀರ್ಪು ಸಲ್ಲದು. ಜನದಟ್ಟಣೆಯ ಮಾರ್ಗದಲ್ಲಿ ಖಾಸಗಿ ಬಸ್ಸು ಬೆನ್ನುಬೆನ್ನಿಗೆ ಬರುತ್ತದೆ. ಕೈ ಎತ್ತಿದಲ್ಲಿ ನಿಲ್ಲುವ ದಾಕ್ಷಿಣ್ಯವೂ ಅದಕ್ಕುಂಟು. ಸರಕಾರಿ ಬಸ್ಸು ತಡವಾಗಿ ಬಂದು, ತುಂಬಿದೆಯೆಂದು ನಿಲ್ಲದೆಯೇ ಹೋದ ಅನುಭವ ಯಾವ ಊರಿನವರಿಗೆ ಇಲ್ಲ? ಮಾಲೀಕತ್ವಕ್ಕಿಂತ ಮುಖ್ಯವಾದದ್ದು ಬಸ್ಸಿನ ಲೆಕ್ಕಾಚಾರ.

ಒಂದು ಬಸ್ಸು ದಿನಕ್ಕೆ ಹದಿನಾರು ಸಲ ಓಡುತ್ತದೆಂದು ಭಾವಿಸೋಣ. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು, ಒಟ್ಟು ಎಂಟು ಸಲ ಅದು ತುಂಬಿರುತ್ತದೆ. ಉಳಿದ ಎಂಟು ಸಲ ಕಾಲುಭಾಗ ಮಾತ್ರ. ತುಂಬಿದ ಒಂದು ಸಲದ ಗಳಿಕೆಯನ್ನು ಒಂದು ಪಾಲು ಎಂದಿಟ್ಟುಕೊಂಡರೆ, ದಿನದ ಗಳಿಕೆ ಹತ್ತು ಪಾಲು. ಅದರಲ್ಲಿ ಖಾಲಿ ಓಟಗಳಿಂದ ಬಂದದ್ದು ಎರಡೇ ಪಾಲು. ಆದರೆ ಎಣ್ಣೆಯ ಖರ್ಚಿನಲ್ಲಿ ಅವುಗಳದು ಹೆಚ್ಚುಕಡಿಮೆ ಅರ್ಧ. ಆ ಎಂಟು ಓಟಗಳನ್ನು ನಿಲ್ಲಿಸಿಬಿಡುವುದೇ ಜಾಣತನವೆಂದು ಯಾವ ಗುಮಾಸ್ತನಾದರೂ ಹೇಳಿಯಾನು. ದೊಡ್ಡ ನಗರದಲ್ಲಿ ನಡುಹಗಲಿನಲ್ಲಿಯೂ ಜನಸಂಚಾರವಿರುತ್ತದೆ. ಸಣ್ಣ ನಗರದಲ್ಲಿ ಶಾಲೆ, ಕಚೇರಿಗಳ ಹೊತ್ತು ಕಳೆದರೆ ಬೀದಿ ತೂಕಡಿಸುತ್ತದೆ. ದೂರ ನಾಲ್ಕೈದು ಕಿಲೋಮೀಟರು. ಸಿಗುವುದು ಚಿಲ್ಲರೆ ಟಿಕೆಟ್ಟು. ಚಾಲಕ, ನಿರ್ವಾಹಕರ ಸಂಬಳ ಮಾತ್ರ ಎಲ್ಲೆಡೆಯೂ ಸಂಬಳವೇ.

ಆದರೆ ಗುಮಾಸ್ತನ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿದೆ. ಬೆಳಿಗ್ಗೆ ತುಂಬಿದ ಬಸ್ಸಿನಲ್ಲಿ ಹೋದ ಕಾಲೇಜು ಹುಡುಗಿ, ತರಗತಿ ಬೇಗ ಮುಗಿದರೆ ಒಂದು ಗಂಟೆಗೆ ಮರಳಬೇಕು. ಆಸ್ಪತ್ರೆಗೆ ಹೋದ ಅಜ್ಜಿ ಎರಡು ಗಂಟೆಗೆ ಮರಳಬೇಕು. ಅಂಗಡಿಯಲ್ಲಿ ಕೆಲಸ ಮಾಡುವಾಕೆ ರಾತ್ರಿ ಒಂಬತ್ತಕ್ಕೆ ಮನೆ ಸೇರಬೇಕು. ಮರಳುವ ಬಸ್ಸಿನ ಭರವಸೆ ಇಲ್ಲವೆಂದಾದರೆ ಹುಡುಗಿಗೆ ತಂದೆ ಸಾಲ ಮಾಡಿ ಸ್ಕೂಟರು ಕೊಡಿಸುತ್ತಾನೆ. ಅಜ್ಜಿ ಆಟೋ ಹಿಡಿಯುತ್ತಾಳೆ, ಇಲ್ಲವೆ ಆಸ್ಪತ್ರೆಗೆ ಹೋಗುವುದನ್ನೇ ಮುಂದಕ್ಕೆ ಹಾಕುತ್ತಾಳೆ. ಮರುದಿನ ಬೆಳಗಿನ ಬಸ್ಸಿನಲ್ಲಿಯೂ ಎರಡು ಆಸನಗಳು ಬರಿದಾಗುತ್ತವೆ. ಮಧ್ಯಾಹ್ನದ ಖಾಲಿ ಓಟ ನಿಂತರೆ ಮುಂಜಾನೆಯ ತುಂಬಿದ ಓಟ ಕರಗುತ್ತದೆ. ಅದು ಕರಗಿತೆಂದು ಇನ್ನೊಂದು ಓಟವನ್ನು ಕಡಿತ ಮಾಡುತ್ತಾರೆ. ಎಷ್ಟೋ ಊರುಗಳಲ್ಲಿ ನಗರ ಬಸ್ಸು ಹೀಗೆಯೇ ಸದ್ದಿಲ್ಲದೆ ಸೊರಗಿತು. ಆ ಜಾಗದಲ್ಲಿ ಬಡಾವಣೆ ಬಡಾವಣೆಗೂ ಆಟೋ, ಟೆಂಪೋ, ಉತ್ತರದ ಊರುಗಳಲ್ಲಿ ಟಂಟಂ ಬಂದು ನಿಂತವು. ಮತ್ತೆ ಹಳೆಯ ಜಟಕಾದ ನ್ಯಾಯವೇ: ತುಂಬಿದರೆ ಹೊರಡುವುದು, ಇಲ್ಲದಿದ್ದರೆ ಕಾಯುವುದು.

ಈ ಸುಳಿಯಿಂದ ಹೊರಬರಲು ನಡೆದ ದೊಡ್ಡ ಯತ್ನಗಳಲ್ಲೊಂದು ಹುಬ್ಬಳ್ಳಿ ಧಾರವಾಡಗಳದು. ಇಪ್ಪತ್ತು ಕಿಲೋಮೀಟರಿನಷ್ಟು ಅಂತರದ ಈ ಅವಳಿ ಊರುಗಳು ೧೯೬೨ರಲ್ಲಿ ಒಂದೇ ಮಹಾನಗರಪಾಲಿಕೆಯಾದವು. ಒಂದರಲ್ಲಿ ವ್ಯಾಪಾರ, ಇನ್ನೊಂದರಲ್ಲಿ ವಿದ್ಯೆ. ನಡುವೆ ಹಗಲೆಲ್ಲ ಓಡಾಟ. ವರಕವಿಯ ಹೆಸರು ಹೊತ್ತ ಖಾಸಗಿ ‘ಬೇಂದ್ರೆ’ ಬಸ್ಸುಗಳೂ ಸರಕಾರಿ ಬಸ್ಸುಗಳೂ ಆ ದಾರಿಯನ್ನು ಹಂಚಿಕೊಂಡಿದ್ದವು. ೨೦೧೮ರ ಅಕ್ಟೋಬರ್‌ನಲ್ಲಿ ‘ಚಿಗರಿ’ ಎಂಬ ಬಸ್ಸುಗಳ ಪ್ರಾಯೋಗಿಕ ಸಂಚಾರ ಆರಂಭವಾಗಿ, ೨೦೨೦ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಚಿಗರಿಯೆಂದರೆ ಆ ಕಡೆಯ ಮಾತಿನಲ್ಲಿ ಜಿಂಕೆ. ರಸ್ತೆಯ ನಡುವೆ ಬಸ್ಸಿಗೆಂದೇ ಮೀಸಲಾದ ಹಾದಿ, ಬಸ್ಸಿನ ನೆಲದ ಮಟ್ಟಕ್ಕೇ ಕಟ್ಟಿದ ನಿಲ್ದಾಣದ ಜಗಲಿ, ಒಳಹೋಗುವ ಮುನ್ನವೇ ಟಿಕೆಟ್ಟು. ಹಾದಿ ಮೀಸಲಾದುದರಿಂದ ಕಾರುಗಳ ನಡುವೆ ಸಿಕ್ಕಿ ನಿಲ್ಲಬೇಕಾದ ಸಂದರ್ಭ ಕಡಿಮೆ. ಇಷ್ಟೆಲ್ಲ ಆದರೂ ಅದು ಒಂದೇ ಹೆದ್ದಾರಿ. ಆ ಹೆದ್ದಾರಿಗೆ ತಮ್ಮ ಬಡಾವಣೆಯಿಂದ ಬರಬೇಕಾದವರಿಗೆ ಒಳಬೀದಿಯ ಸಣ್ಣ ಬಸ್ಸೇ ಬೇಕು. ಅಲ್ಲಿ ಮತ್ತೆ ಖಾಲಿ ಆಸನದ ಪ್ರಶ್ನೆ ಎದುರಾಗುತ್ತದೆ.

೨೦೨೩ ಈ ಇತಿಹಾಸದಲ್ಲಿ ಎರಡು ಕಾರಣಗಳಿಂದ ನೆನಪಿಡತಕ್ಕ ವರ್ಷ. ಜೂನ್ ೧೧ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದು, ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ಟಿನ ಹಣ ತಪ್ಪಿತು. ಕಂಡಕ್ಟರು ಶೂನ್ಯ ಟಿಕೆಟ್ಟು ಹರಿಯುತ್ತಾನೆ. ಅದರ ಮೊತ್ತವನ್ನು ಸರಕಾರ ನಿಗಮಕ್ಕೆ ತುಂಬಿಕೊಡಬೇಕು. ಇದರ ಗುಣದೋಷಗಳ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಒಂದು ಮಾತು ಸ್ಪಷ್ಟ. ಈ ಸೌಲಭ್ಯ ನಿಗಮದ ಬಸ್ಸನ್ನು ಮಾತ್ರ ಅನುಸರಿಸುತ್ತದೆ. ಮೈಸೂರಿನ ಮಹಿಳೆಗೆ ಮನೆಯ ಬಳಿ ದೊರೆತದ್ದು, ಖಾಸಗಿ ಬಸ್ಸೇ ಗತಿಯಾದ ಕರಾವಳಿಯ ಬಡಾವಣೆಯ ಮಹಿಳೆಗೆ ದೊರೆಯಲಿಲ್ಲ. ೧೯೧೪ರ ಇತಿಹಾಸ ೨೦೨೩ರ ಟಿಕೆಟ್ಟಿನಲ್ಲಿ ಕಾಣಿಸಿಕೊಂಡಿತು.

ಅದೇ ವರ್ಷದ ಆಗಸ್ಟಿನಲ್ಲಿ ಕೇಂದ್ರ ಸರಕಾರ ಹತ್ತು ಸಾವಿರ ವಿದ್ಯುತ್ ಬಸ್ಸುಗಳ ಯೋಜನೆಗೆ ಒಪ್ಪಿಗೆಯಿತ್ತಿತು. ಮೂರು ಲಕ್ಷ ಮತ್ತು ಅದಕ್ಕೂ ಮೇಲ್ಪಟ್ಟು ಜನಸಂಖ್ಯೆಯಿರುವ ನಗರಗಳ ಪೈಕಿ ೧೬೯ ಊರುಗಳಿಗೆಂದು ಇದನ್ನು ರೂಪಿಸಲಾಯಿತು. ಇದರಲ್ಲಿ ಗಮನಿಸಬೇಕಾದದ್ದು ವಿದ್ಯುತ್ತಿಗಿಂತ ಹೆಚ್ಚಾಗಿ ಹಣ ಸಲ್ಲಿಸುವ ಕ್ರಮ. ಬಸ್ಸು ಓಡಿಸುವವರಿಗೆ ಹಣ ಸಲ್ಲುವುದು ಓಡಿದ ಕಿಲೋಮೀಟರಿಗೆ. ಕುಳಿತ ತಲೆಗಳ ಎಣಿಕೆಗಲ್ಲ. ಅಂದರೆ ಮಧ್ಯಾಹ್ನದ ಖಾಲಿ ಓಟಕ್ಕೂ ಸಂಜೆಯ ತುಂಬಿದ ಓಟಕ್ಕೂ ಒಂದೇ ಮರ್ಯಾದೆ. ಹಣ ಹೊತ್ತಿಗೆ ಸರಿಯಾಗಿ ಸಂದಾಯವಾಗಬೇಕು, ಬಸ್ಸು ನಿಜಕ್ಕೂ ಓಡಿತೇ ಎಂದು ಯಾರಾದರೂ ನೋಡುತ್ತಿರಬೇಕು. ಆಗ ಮಾತ್ರ ಈ ಕ್ರಮ ಸಾರ್ಥಕ. ಹಾಗೆ ನೋಡುವ ಹೊಣೆ ಊರಿನದೇ.

ಆದ್ದರಿಂದ ನಗರಪಾಲಿಕೆಯ ಸಭೆಯಲ್ಲಾಗಲಿ, ನಿಗಮದ ಕಚೇರಿಯಲ್ಲಾಗಲಿ ನಗರ ಬಸ್ಸಿನ ನಷ್ಟದ ಪಟ್ಟಿಯನ್ನು ಓದುವಾಗ, ಎಷ್ಟು ಆಸನಗಳು ಖಾಲಿಯಿದ್ದವು ಎಂಬುದರ ಜೊತೆಗೆ, ಕಡೆಯ ಬಸ್ಸು ಎಷ್ಟು ಗಂಟೆಗೆ, ಅದು ತಪ್ಪದೆ ಬಂದಿತೇ ಎಂಬುದನ್ನೂ ಓದಬೇಕು. ಮನೆಯಲ್ಲಿ ಒಂದು ಸ್ಕೂಟರಿದ್ದರೆ ಅದು ಒಬ್ಬರ ಅಥವಾ ಇಬ್ಬರ ಅವಸರವನ್ನು ನೀಗಿಸೀತು. ಮನೆಯಲ್ಲಿ ಉಳಿದ ಅಜ್ಜಿ, ಸೊಸೆ, ಶಾಲೆಯ ಮಕ್ಕಳು ಇವರ ಓಡಾಟದ ಸ್ವಾತಂತ್ರ್ಯ ಬೀದಿಯ ಕೊನೆಯ ನಿಲುಗಡೆಯಲ್ಲಿದೆ. ಅವರು ಯಾರನ್ನೂ ಕೇಳಿಕೊಳ್ಳದೆ, ಯಾರ ಬಿಡುವಿಗೂ ಕಾಯದೆ ಹೋಗಿಬರಬೇಕಾದರೆ, ಪ್ರತಿದಿನ ಒಂದಿಷ್ಟು ಆಸನಗಳು ಖಾಲಿಯಾಗಿಯೇ ಊರನ್ನು ಸುತ್ತಬೇಕಾಗುತ್ತದೆ. ಆ ವೆಚ್ಚವನ್ನು ಊರಿನ ಬೀದಿದೀಪದ, ಕುಡಿಯುವ ನೀರಿನ ವೆಚ್ಚದ ಸಾಲಿನಲ್ಲಿಯೇ ಬರೆಯುವುದು ನ್ಯಾಯ.